ಎರಡು ಮೊಳೆಗಳ ನಡುವೆ

ಫಾಜಾದಿಂದ ಶೆಬ್ವಾನಾ ಬಂದ, ದೋಣಿ ಸಮೇತ,
ಹಾಯಿ ಇಲ್ಲದೆ.
ಕಸ್ಕಾಜಿ ಗಾಳಿ ಕಿತ್ತುಕೊಂಡು ಹೋಯಿತಂತೆ,
ಅಂಚಿನ ಹಗ್ಗದ ಒಂದೆಳೆಯನ್ನೂ ಉಳಿಸದೆ.
"ನಿನ್ನಪ್ಪ ಹೊಲಿದದ್ದು. ಅದೇ ಬೇಕು ನನಗೆ.
ಅದರಂಥದ್ದಲ್ಲ, ಫಮಾವು, ಅದೇ."

ಅಪ್ಪ ಹೊಲಿದ ಪ್ರತಿ ಹಾಯಿಯೂ
ನಮ್ಮ ಸುಣ್ಣದ ಗೋಡೆಯ ಮೇಲಿದೆ, ಇದ್ದಿಲಲ್ಲಿ:
ಮೂರು ಗೆರೆ, ಪಕ್ಕದಲ್ಲಿ ದೋಣಿಯ ಕಣ್ಣಿನ ಗುರುತು,
ಗೆರೆಗಳ ಹೊಟ್ಟೆಯೊಳಗೆ ಒಂದೇ ಒಂದು ಅಂಕಿ,
ಸುತ್ತಲೂ ಹೊಲಿದ ಹಗ್ಗ ಎಷ್ಟು ಮಾರು ಅಂತ.
ಬದಿಗಳನ್ನು ಬರೆದವನೇ ಅಲ್ಲ.
ಕೂಲಿ ಸುತ್ತಳತೆಗೆ ತಾನೆ ಸಿಗುತ್ತಿದ್ದದ್ದು.

ಶೆಬ್ವಾನಾನ ಕಣ್ಣಿನ ಪಕ್ಕ: ಇಪ್ಪತ್ತನಾಲ್ಕು.

ಕೈ ಚಾಚಿ ಚಾಚಿ ನಾನು ಮೇಲಿನ ಮರ ಅಳೆದೆ: ಹತ್ತು ಮಾರು.
ಮುಂದಣ ಮೂತಿಯಿಂದ ಹಗ್ಗ ಬಿಗಿಯುವ ಗೂಟಕ್ಕೆ: ಎಂಟು.
ಮೂರನೆಯ ಬದಿಗೆ ಮರವಿಲ್ಲ, ಗೂಟವಿಲ್ಲ,
ಅದು ಬರೀ ಗಾಳಿಯಲ್ಲಿ ಇರುವಂಥದ್ದು.

ಶಾಲೆ ಬಿಟ್ಟು ಬಂದ ಮ್ವಾನಕೊಂಬೊ
ಹುಣಸೆ ಚೀಪುತ್ತಲೇ ಹೇಳಿಬಿಟ್ಟಳು:
"ಹತ್ತೂ ಎಂಟೂ ಹದಿನೆಂಟು.
ಇಪ್ಪತ್ತನಾಲ್ಕರಲ್ಲಿ ಕಳೆ. ಆರು."
ಬೀಜ ಉಗಿದಳು.
ಅಷ್ಟೇನಾ?
ಅಷ್ಟೇ, ಅಪ್ಪಾ.

ಮರಳಲ್ಲಿ ಮೂರು ಗೂಟ ನೆಟ್ಟು ದಾರ ಸುತ್ತಿದೆವು.
ಹತ್ತು, ಎಂಟು, ಆರು.
ಕೆಳಗಿನ ಮೂಲೆ ಬಾಗಿಲ ಚೌಕಟ್ಟಿನ ಹಾಗೆ ನೆಟ್ಟಗೆ ನಿಂತಿತು.
ಅವಳಿಗೆ ಖುಷಿ, ಪುಸ್ತಕದಲ್ಲಿ ಇಂಥದೇ ಇದೆಯಂತೆ.
ನನ್ನ ಹೊಟ್ಟೆ ಒಪ್ಪಲಿಲ್ಲ.
ಇಷ್ಟು ಗಿಡ್ಡ ಬೆನ್ನಿನ ಹಾಯಿ ಅಪ್ಪ ಹೊಲಿದದ್ದು
ನಾನು ಕಂಡಿಲ್ಲ.
"ಲೆಕ್ಕ ಸರಿ ಇದೆ" ಎಂದಳು, ಮುಖ ಊದಿಸಿ.
ಇದೆ ಮಗಳೇ. ಹಾಯಿ ಸರಿ ಇಲ್ಲ.

ಉಬ್ಬರ ಬಂದು ಒಂದು ಗೂಟ ತೇಲಿಸಿಕೊಂಡು ಹೋಯಿತು.
ನಾವಿಬ್ಬರೂ ಏಳಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಕೇಳಿದಳು,
"ಆ ಇಪ್ಪತ್ತನಾಲ್ಕು ಯಾರ ಮಾರು?"

ತೊಲೆಯಲ್ಲಿ ಎರಡು ಮೊಳೆ.
ಒಂದಕ್ಕೆ ನಾನು ಲಾಂದ್ರ ತೂಗುಹಾಕುತ್ತೇನೆ, ಇನ್ನೊಂದಕ್ಕೆ ಟೋಪಿ,
ಹನ್ನೊಂದು ವರ್ಷದಿಂದ.
ಅವು ಏತಕ್ಕೆ ಅಂತ ಮರೆತೇಹೋಗಿತ್ತು:
ಅಪ್ಪ ತೊಲೆಗೆ ಎದೆ ಆನಿಸಿ, ಎರಡೂ ಕೈ ಚಾಚಿ,
ಬೆರಳ ತುದಿಗೆ ತುದಿಗೆ ನನ್ನಿಂದಲೇ ಹೊಡೆಸಿದ್ದ.
"ಅವಸರ ಬೇಡ, ಬೆರಳು ನನ್ನವು" ಅಂದಿದ್ದ.

ಸ್ಟೂಲು ಹತ್ತಿ ನಾನೂ ಚಾಚಿದೆ.
ಎಡಗೈ ಲಾಂದ್ರದ ಮೊಳೆ ಮುಟ್ಟಿತು.
ಬಲಗೈ ಟೋಪಿಯನ್ನು ಮುಟ್ಟಲಿಲ್ಲ.
ಮ್ವಾನಕೊಂಬೊ ಹಿಂದಿನಿಂದ ಬೆಂಚು ಹತ್ತಿ
ನನ್ನದೇ ಬಲಗೈ ಹಿಡಿದು ಉಳಿದ ಜಾಗ ಅಳೆಸಿದಳು:
ಸರಿಯಾಗಿ ಒಂದು ಗೇಣು.

ಮಾರಿಗೊಂದು ಗೇಣು, ಇಪ್ಪತ್ತನಾಲ್ಕು ಮಾರಿಗೆ ಇಪ್ಪತ್ತನಾಲ್ಕು ಗೇಣು.
ಎಂಟು ಗೇಣು ಒಂದು ಮಾರು. ಮೂರು ಮಾರು.
ನನ್ನ ತೋಳಲ್ಲಿ ಅಪ್ಪನ ಸುತ್ತು ಇಪ್ಪತ್ತೇಳು.
ಹದಿನೆಂಟು ಕಳೆದರೆ, ಒಂಬತ್ತು.

ಒಂಬತ್ತು!
ಆ ರಾತ್ರಿ ನಿದ್ದೆ ಬರಲಿಲ್ಲ ನನಗೆ.
ನಾನು ಅಳೆದ ಎರಡು ಬದಿ ನನ್ನ ಪಾಲಿಗೆ ಸರಿಯಾಗೇ ಇದ್ದವು.
ನನ್ನ ಗಿಡ್ಡ ತೋಳಿನ ಸಾಲವನ್ನೆಲ್ಲ
ಅಳೆಯದೆ ಬಿಟ್ಟ ಮೂರನೆಯದೊಂದೇ
ತೀರಿಸಬೇಕಾಗಿ ಬಂದಿತ್ತು.

ಮೆರಿಕಾನಿ ಬಟ್ಟೆ ಕತ್ತರಿಸಿದೆ. ಹತ್ತು, ಎಂಟು, ಒಂಬತ್ತು.
ಹದಿನೇಳು ದಿನ ಹೊಲಿದೆ.
ಏರಿಸಿದಾಗ ಅದು ಹೊಟ್ಟೆ ತುಂಬ ಗಾಳಿ ಉಂಡಿತು,
ಶೆಬ್ವಾನಾ ಏನೂ ಹೇಳದೆ ಮೂಗು ಒರೆಸಿಕೊಂಡ.

ಆಮೇಲೆ ದುಡ್ಡಿನ ಮಾತು. ಅಂಚಿಗೆ ಮಾರಿಗಿಷ್ಟು ಅಂತ ಇತ್ತಲ್ಲ,
ಅವನು ಎದ್ದು ತನ್ನ ಉದ್ದ ತೋಳು ಚಾಚಿ ಅಳೆದ:
"ಇಪ್ಪತ್ಮೂರು."
ನಾನು ಇಪ್ಪತ್ತೇಳು ಎನ್ನಬೇಕೆಂದು ಬಾಯಿ ತೆರೆದೆ.

ಮ್ವಾನಕೊಂಬೊ ಲಾಂದ್ರ ತೆಗೆದು ನೆಲಕ್ಕಿಟ್ಟಳು,
ಟೋಪಿ ತೆಗೆದು ನನ್ನ ತಲೆಗಿಟ್ಟಳು,
ಮೊಳೆಯಿಂದ ಮೊಳೆಗೆ ಒಂದು ದಾರ ಕಟ್ಟಿದಳು.
"ಈ ಮನೆಯ ಮಾರು ಇದು" ಎಂದಳು.

ಇಪ್ಪತ್ತನಾಲ್ಕಕ್ಕೆ ಎಣಿಸಿ ಕೊಟ್ಟ.
ಟೋಪಿಗೆ ಈಗ ಬೇರೆ ಮೊಳೆ ಹುಡುಕಬೇಕು.